ಪಾಚಿಯ ಜಮಾ-ಖರ್ಚು

ಮಕ್ಕಳೇ, ಪಾಚಿ ಎಂದರೆ ನಿಮ್ಮ ಅಜ್ಜ-ಅಜ್ಜಿಯರಿಗೆ ನೆನಪಾಗುವುದು ಬಾವಿಕಟ್ಟೆ, ಬಚ್ಚಲ ಕಲ್ಲು, ದೇವಸ್ಥಾನದ ಕಲ್ಯಾಣಿಯ ಮೆಟ್ಟಿಲು. ತೆಂಗಿನ ನಾರು ಹಿಡಿದು ಎಷ್ಟು ತಿಕ್ಕಿದರೂ ಮಳೆಗಾಲದಲ್ಲಿ ಹದಿನೈದೇ ದಿನಕ್ಕೆ ಮತ್ತೆ ಹಾಜರು. ಈ ಪಾಚಿ ಗಾಜಿನ ತೊಟ್ಟಿಯಲ್ಲಿ ಸಾಕಿದ ಪುಟ್ಟ ಕಡಲನ್ನೂ ಬಿಡುವುದಿಲ್ಲ. ಅದನ್ನು ಓಡಿಸುವುದು ಹೇಗೆ ಎನ್ನುವುದೇ ಈ ವಾರದ ಮಾತು.

ಅಮೆರಿಕದ ನ್ಯೂಜೆರ್ಸಿಯಲ್ಲಿ ನನ್ನ ಮಗನ ಸಂಸಾರವಿದೆ. ಹನ್ನೆರಡು ವರ್ಷದ ಮೊಮ್ಮಗಳು ಅಲ್ಲಿ 150 ಲೀಟರಿನ ಹವಳದ ಅಕ್ವೇರಿಯಂ ಇಟ್ಟುಕೊಂಡಿದ್ದಾಳೆ. ಒಂದು ಲೀಟರ್ ಶುದ್ಧ ನೀರಿಗೆ ಸುಮಾರು 35 ಗ್ರಾಂ ವಿಶೇಷ ಉಪ್ಪು ಬೆರೆಸಿದರೆ ಅದು ಹೆಚ್ಚುಕಡಿಮೆ ಕಡಲ ನೀರಿನಂತೆಯೇ ಆಗುತ್ತದೆ. ಅಲೆ ಎಬ್ಬಿಸಲು ಒಂದು ಪಂಪು, ಸೂರ್ಯನ ಬದಲಿಗೆ ಒಂದು ದೀಪ. ಒಳಗೆ ಕಲ್ಲುಗಳು, ಕಲ್ಲುಗಳ ಮೇಲೆ ಜೀವಂತ ಹವಳಗಳು, ಬಿಳಿ ಪಟ್ಟೆಯ ಎರಡು ಕಿತ್ತಳೆ ಬಣ್ಣದ ಮೀನು.

ಹವಳ ಕಲ್ಲಲ್ಲ, ಗಿಡವೂ ಅಲ್ಲ. ಅದು ಪ್ರಾಣಿ. ಹೂವಿನಂತೆ ಅರಳಿದ ಪುಟ್ಟ ಪುಟ್ಟ ಬಾಯಿಗಳ ಗುಂಪು. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಬಾಡಿಗೆದಾರರಂತೆ ವಾಸವಾಗಿರುತ್ತವೆ. ಅವು ಬೆಳಕಿನಿಂದ ಆಹಾರ ತಯಾರಿಸಿ ಹೆಚ್ಚಿನ ಪಾಲನ್ನು ಹವಳಕ್ಕೆ ಕೊಡುತ್ತವೆ. ಅಂದರೆ ಹವಳ ಬದುಕಿರುವುದೇ ಪಾಚಿಯ ದುಡಿಮೆಯಿಂದ! ಹಾಗಾಗಿ ಪಾಚಿಯ ಕುಲವನ್ನೇ ನಾಶ ಮಾಡುತ್ತೇನೆಂದು ಹೊರಟರೆ ಹವಳವೂ ಹೋಯಿತು.

ತೊಂದರೆ ಬಂದದ್ದು ಹೊರಗಿನ ಪಾಚಿಯಿಂದ. ಫೆಬ್ರುವರಿಯಲ್ಲಿ ಕಲ್ಲುಗಳ ಮೇಲೆ ಹಸಿರು ಕೂದಲಿನಂಥದ್ದು ಕಾಣಿಸಿಕೊಂಡಿತು. ಮಾರ್ಚ್ ಹೊತ್ತಿಗೆ ಅದು ಬೆರಳುದ್ದ ಬೆಳೆದು ಹವಳಗಳ ಮೇಲೆ ಮಲಗಿತು. ಬೆಳಕು ತಾಗದೆ ಹವಳಗಳು ಬಾಯಿ ಮುಚ್ಚಿಕೊಂಡವು. ಹುಡುಗಿ ಭಾನುವಾರ ಭಾನುವಾರ ಹಳೇ ಟೂತ್‌ಬ್ರಶ್ ಹಿಡಿದು ಉಜ್ಜುತ್ತಿದ್ದಳು. ಮುಂದಿನ ಭಾನುವಾರಕ್ಕೆ ಅದು ಅಷ್ಟೇ ಉದ್ದ. ಅವಳಪ್ಪ ಬೇಸತ್ತು ಒಂದು ಗಡುವು ಹಾಕಿದ: ಜೂನ್ ಕೊನೆಗೆ ಶಾಲೆಗೆ ರಜೆ ಬರುವುದರೊಳಗೆ ತೊಟ್ಟಿ ಸರಿಯಾಗದಿದ್ದರೆ ಮೀನು, ಹವಳ ಎಲ್ಲವನ್ನೂ ಅಂಗಡಿಗೆ ವಾಪಸು ಕೊಟ್ಟುಬಿಡುವುದು. ಮೂರು ವರ್ಷದ ಹುಟ್ಟುಹಬ್ಬದ ದುಡ್ಡು ಕೂಡಿಟ್ಟು ಕೊಂಡ ತೊಟ್ಟಿ ಅದು. ಫೋನಿನಲ್ಲಿ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಇಂಥ ಸಮಯದಲ್ಲಿ ಮೊದಲು ಮಾಡಬೇಕಾದ್ದು ಬಂದಿರುವವರು ಯಾರು ಎಂದು ಗುರುತಿಸುವುದು. ತೊಟ್ಟಿಗೆ ಬರುವ ಕಾಟಗಳಲ್ಲಿ ಬಗೆಬಗೆ ಇವೆ. ಹಸಿರು ಕೂದಲಿನಂಥದ್ದು ಒಂದು. ಗಾಜಿನ ಗೋಲಿಯಂತೆ ಹೊಳೆಯುವ ಗುಳ್ಳೆ ಪಾಚಿ ಇನ್ನೊಂದು. ಅದರ ಹೆಸರು ವಲೋನಿಯಾ. ಗೋಲಿ ಗಾತ್ರದ ಆ ಇಡೀ ಗುಳ್ಳೆ ಒಂದೇ ಒಂದು ಜೀವಕೋಶ ಎಂದರೆ ಆಶ್ಚರ್ಯವಲ್ಲವೇ! ಅದನ್ನು ತೊಟ್ಟಿಯೊಳಗೆ ಒಡೆಯಬಾರದು, ಇಡಿಯಾಗಿ ಬಿಡಿಸಿ ಹೊರಗೆ ತೆಗೆಯಬೇಕು. ಮರಳಿನ ಮೇಲೆ ಕೆಂಪು ಲೋಳೆಯಂತೆ ಹಾಸಿಕೊಳ್ಳುವುದು ಮೂರನೆಯದು. ಅದು ನಿಜವಾಗಿ ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿ. ನಮ್ಮ ಹುಡುಗಿಯ ತೊಟ್ಟಿಯಲ್ಲಿದ್ದದ್ದು ಮೊದಲನೆಯದು.

ಪಾಚಿಗೆ ಬೇಕಾದ್ದು ಮುಖ್ಯವಾಗಿ ಮೂರು: ಬೆಳಕು, ನೈಟ್ರೇಟ್, ಫಾಸ್ಫೇಟ್. ಮೀನಿಗೆ ಹಾಕುವ ಆಹಾರದಲ್ಲಿ ಸಾರಜನಕವೂ ರಂಜಕವೂ ಇರುತ್ತವೆ. ಮೀನು ತಿಂದು ಹೊರಹಾಕಿದ್ದು, ತಿನ್ನದೆ ಬಿಟ್ಟು ಕೊಳೆತದ್ದು ಮೊದಲು ಅಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಕಡಲಿನಲ್ಲಾದರೆ ಇದೆಲ್ಲ ಅಗಾಧ ನೀರಿನಲ್ಲಿ ಕರಗಿಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು?

ಆಗ ಮೊಮ್ಮಗಳು ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. "ತಾತ, ನೀರು ಟೆಸ್ಟ್ ಮಾಡಿದೆ. ಫಾಸ್ಫೇಟ್ ಹೆಚ್ಚುಕಡಿಮೆ ಸೊನ್ನೆ ಅಂತ ತೋರಿಸ್ತಿದೆ. ಹಾಗಾದ್ರೆ ಪಾಚಿ ಏನು ತಿಂದು ಬೆಳೀತಿದೆ?"

ಇದಕ್ಕೆ ಉತ್ತರ ಹೇಳಲು ಬ್ಯಾಂಕಿನ ಗುಮಾಸ್ತನೇ ಬೇಕು. ಸಂಜೆ ಕೌಂಟರಿನಲ್ಲಿ ನಗದು ಕಡಿಮೆ ಇದೆ ಎಂದರೆ ಆ ದಿನ ಬ್ಯಾಂಕಿಗೆ ದುಡ್ಡೇ ಬರಲಿಲ್ಲ ಎಂದು ಅರ್ಥವಲ್ಲ. ಬಂದ ದುಡ್ಡು ಬಂದ ಹಾಗೇ ಸಾಲವಾಗಿ ಹೊರಗೆ ಹೋಗಿರಬಹುದು. ತೊಟ್ಟಿಯಲ್ಲೂ ಹಾಗೆಯೇ. ನೀರಿಗೆ ಬಿದ್ದ ಫಾಸ್ಫೇಟನ್ನು ಪಾಚಿ ಆಗಿಂದಾಗಲೇ ಹೀರಿ ತನ್ನ ಮೈ ಮಾಡಿಕೊಂಡಿದೆ. ಪರೀಕ್ಷೆ ತೋರಿಸುವುದು ನೀರಿನಲ್ಲಿ ಉಳಿದ ಶಿಲ್ಕನ್ನು ಮಾತ್ರ. ನಿಜವಾದ ಮೊತ್ತ ಕಲ್ಲಿನ ಮೇಲೆ ಹಸಿರಾಗಿ ಕುಳಿತಿದೆ.

ಔಷಧಿ ಬಾಟಲಿ ಸುರಿದವರು ಮತ್ತೆ ಮತ್ತೆ ಸೋಲುವುದೂ ಇದರಿಂದಲೇ. ಔಷಧಿಗೆ ಸತ್ತ ಪಾಚಿ ತೊಟ್ಟಿಯಲ್ಲೇ ಕೊಳೆತರೆ ಅದರ ಮೈಯಲ್ಲಿದ್ದ ನೈಟ್ರೇಟು, ಫಾಸ್ಫೇಟು ತಿರುಗಿ ನೀರಿಗೇ ಬರುತ್ತವೆ. ಒಂದು ಖಾತೆಯಿಂದ ಇನ್ನೊಂದು ಖಾತೆಗೆ ವರ್ಗ ಮಾಡಿದಂತೆ. ಬ್ಯಾಂಕಿನಿಂದ ಒಂದು ಪೈಸೆಯೂ ಹೊರಗೆ ಹೋಗಲಿಲ್ಲ. ಕೈಯಿಂದ ಕಿತ್ತು ಬಕೆಟ್ಟಿಗೆ ಹಾಕಿ ಹೊರಗೆ ತೆಗೆದದ್ದು ಮಾತ್ರ ನಿಜವಾದ ಖರ್ಚು. ಆದ್ದರಿಂದ ಹುಡುಗಿ ಪ್ರತಿ ಭಾನುವಾರ ಮಾಡುತ್ತಿದ್ದ ಕೆಲಸ ವ್ಯರ್ಥವಾಗಿರಲಿಲ್ಲ. ಜಮಾ ಅದಕ್ಕಿಂತ ಹೆಚ್ಚಾಗಿತ್ತು, ಅಷ್ಟೆ. ಉಜ್ಜಿದ ಚೂರುಗಳು ನೀರಿನಲ್ಲಿ ತೇಲಿಹೋಗಿ ಇನ್ನೊಂದು ಕಲ್ಲಿಗೆ ಅಂಟದಂತೆ, ಕೊಳವೆಯಿಂದ ನೀರು ಹೊರಗೆಳೆಯುವಾಗಲೇ ಕೀಳಬೇಕು.

ಒಂದು ನೋಟ್‌ಪುಸ್ತಕ ಮಾಡು ಎಂದೆ. ಎಡಗಡೆ ತೊಟ್ಟಿಗೆ ಹಾಕಿದ್ದು, ಬಲಗಡೆ ತೊಟ್ಟಿಯಿಂದ ತೆಗೆದದ್ದು. ಎರಡು ವಾರ ಬರೆದಳು. ಆಮೇಲೆ ದಾಸ್ತಾನು ಪರಿಶೀಲನೆ. ಮೀನಿನ ಆಹಾರ ಅಲ್ಲಿ ಹಿಮಗಟ್ಟಿದ ಸಣ್ಣ ಚೌಕಗಳಾಗಿ ಸಿಗುತ್ತದೆ, ಒಂದು ಹಾಳೆಗೆ 30. ಪುಸ್ತಕದ ಪ್ರಕಾರ ಖರ್ಚು 12, ಉಳಿಯಬೇಕಾದ್ದು 18. ಎಣಿಸಿದರೆ 11! ಏಳು ಚೌಕಗಳಿಗೆ ಲೆಕ್ಕವೇ ಇಲ್ಲ. ವಿಚಾರಣೆ ನಡೆದಾಗ ಐದು ವರ್ಷದ ತಮ್ಮ ಒಪ್ಪಿಕೊಂಡ: "ಮೀನು ನನ್ನ ನೋಡಿ ಬಾಯಿ ತೆಗೀತು, ಅದಕ್ಕೇ ಹಾಕ್ದೆ." ಬೈಯಬೇಡ, ಅವನಿಗೂ ಒಂದು ಕೆಲಸ ಕೊಡು ಎಂದೆ. ಅವನನ್ನು ಬಸವನಹುಳುಗಳ ಎಣಿಕೆದಾರನನ್ನಾಗಿ ನೇಮಿಸಲಾಯಿತು. ಆ ಹುಳುಗಳ ವಿಷಯ ಮುಂದೆ ಹೇಳುತ್ತೇನೆ.

ಜಮಾ ಕಡೆಗೆ ಇನ್ನೊಂದು ಗುಟ್ಟಿನ ಬಾಬತ್ತು ಇತ್ತು: ನಲ್ಲಿ ನೀರು. ತೊಟ್ಟಿಯ ನೀರು ದಿನವೂ ಆವಿಯಾಗುತ್ತದೆ. ಹೋಗುವುದು ಬರೀ ನೀರು, ಅದರಲ್ಲಿ ಕರಗಿದ್ದೆಲ್ಲ ಒಳಗೇ ಉಳಿಯುತ್ತದೆ. ಆ ಜಾಗಕ್ಕೆ ನಲ್ಲಿ ನೀರು ಸುರಿದರೆ ಅದರಲ್ಲಿರುವ ನೈಟ್ರೇಟ್, ಫಾಸ್ಫೇಟ್ ದಿನದಿನಕ್ಕೂ ಚಕ್ರಬಡ್ಡಿಯಂತೆ ಸೇರುತ್ತಾ ಹೋಗುತ್ತದೆ. ಅದಕ್ಕೇ ಹವಳ ಸಾಕುವವರು ಆರ್‌ಓ ಯಂತ್ರದಿಂದ ಬಂದ ನೀರನ್ನು ಮತ್ತೊಮ್ಮೆ ರಾಳದ ಮಣಿಗಳ ಕೊಳವೆಯಲ್ಲಿ ಹಾಯಿಸಿ ಬಳಸುತ್ತಾರೆ.

ಹೀಗೆ ಏಪ್ರಿಲ್ ಮೊದಲ ವಾರ ಹೊಸ ಪದ್ಧತಿ ಶುರುವಾಯಿತು. ಆಹಾರ ದಿನಕ್ಕೆ ಒಂದೇ ಸಲ, ಅದೂ ಕರಗಿಸಿ, ಸೋಸಿ, ಎರಡು ಮೂರು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟು. ಹದಿಮೂರು ಗಂಟೆ ಉರಿಯುತ್ತಿದ್ದ ದೀಪ ಎಂಟು ಗಂಟೆಗೆ ಇಳಿಯಿತು. ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ಬದಲಾವಣೆ. ಗುಳ್ಳೆಗಳಿಂದ ಕೊಳೆಯನ್ನು ನೊರೆಯಾಗಿ ಎತ್ತಿ ಹಾಕುವ ಸ್ಕಿಮ್ಮರ್ ಯಂತ್ರವನ್ನು ತಪ್ಪದೆ ತೊಳೆಯುವುದು.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಉಪಾಯವನ್ನೂ ಮಾಡಿದರು. ತೊಟ್ಟಿಯ ಹಿಂಬದಿಯ ಪ್ರತ್ಯೇಕ ಕೋಣೆಯಲ್ಲಿ ಕೀಟೋಮಾರ್ಫಾ ಎಂಬ ಒಳ್ಳೆಯ ಪಾಚಿಯ ಒಂದು ಮುಷ್ಟಿ ಇಟ್ಟು, ಅದಕ್ಕೆ ರಾತ್ರಿ ಪಾಳಿಯ ದೀಪ ಹಾಕಿದರು. ಮೀನಿನ ಬಲೆಯ ಗೋಜಲಿನಂತಿರುವ ಆ ಪಾಚಿ ಅಲ್ಲೇ ಬೆಳೆಯುತ್ತದೆ. ಕೂದಲು ಪಾಚಿಯ ಊಟವನ್ನು ತಾನು ತಿನ್ನುತ್ತದೆ. ಬೆಳೆದಷ್ಟನ್ನು ಕೊಯ್ದು ಎಸೆದರೆ ಅದೂ ಖರ್ಚಿನ ಕಡೆಗೆ ಸೇರಿತು.

ಇನ್ನು ಮೇಯುವವರು. ಹತ್ತು ಬಸವನಹುಳು, ಮತ್ತೆ ಒಂದು ಸೀ ಅರ್ಚಿನ್, ಅಂದರೆ ಮೈಯೆಲ್ಲ ಮುಳ್ಳಿರುವ ಚೆಂಡಿನಂಥ ಕಡಲ ಜೀವಿ. ಇವು ಕಲ್ಲನ್ನು ಕೆರೆದು ಕೆರೆದು ಪಾಚಿ ತಿನ್ನುತ್ತವೆ. ಉದ್ದ ಕೂದಲನ್ನು ಮೊದಲು ನಾವೇ ಕಿತ್ತು ಗಿಡ್ಡ ಮಾಡಿಕೊಡಬೇಕು. ಆಮೇಲೆ ಮೇಯುವುದು ಅವುಗಳ ಕೆಲಸ.

ಮೇಯುವವರು ಇಲ್ಲದಿದ್ದರೆ ಏನಾಗುತ್ತದೆಂದು ಕಡಲೇ ಒಮ್ಮೆ ಪಾಠ ಹೇಳಿದೆ. ಕೆರಿಬಿಯನ್ ಕಡಲಿನಲ್ಲಿ ಡಯಾಡೆಮಾ ಎಂಬ ಉದ್ದ ಮುಳ್ಳಿನ ಸೀ ಅರ್ಚಿನ್ ಹೇರಳವಾಗಿತ್ತು. 1983ರ ಜನವರಿಯಲ್ಲಿ ಪನಾಮಾ ಬಳಿ ಅವುಗಳಿಗೆ ರೋಗ ಬಂತು. ಸುಮಾರು ಒಂದು ವರ್ಷದಲ್ಲಿ ಆ ಕಡಲಿನುದ್ದಕ್ಕೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸತ್ತವು. ಜಮೈಕಾದಲ್ಲಿ ಪಾಚಿ ತಿನ್ನುವ ಮೀನುಗಳನ್ನು ಜನ ಅದಾಗಲೇ ವಿಪರೀತ ಹಿಡಿದು ಮುಗಿಸಿದ್ದರು. 1980ರ ಚಂಡಮಾರುತ ಹವಳಗಳನ್ನು ಮುರಿದು ಹಾಕಿತ್ತು. ಉಳಿದಿದ್ದ ಒಬ್ಬನೇ ಕಾವಲುಗಾರನೂ ಹೋದ. ಅಲ್ಲಿನ ದಿಬ್ಬಗಳಲ್ಲಿ 1970ರ ದಶಕದ ಕೊನೆಗೆ ಶೇಕಡಾ 50ರಷ್ಟು ಇದ್ದ ಜೀವಂತ ಹವಳ 1990ರ ದಶಕದ ಆರಂಭಕ್ಕೆ ಶೇಕಡಾ 5ಕ್ಕೂ ಕೆಳಗೆ ಇಳಿಯಿತು. ಶೇಕಡಾ 4ರಷ್ಟಿದ್ದ ಪಾಚಿ 90 ದಾಟಿತು. ಸಾವಿರಾರು ವರ್ಷದ ದಿಬ್ಬಕ್ಕೇ ಹೀಗಾದರೆ 150 ಲೀಟರಿನ ತೊಟ್ಟಿಯ ಪಾಡೇನು?

ನಮ್ಮ ತೊಟ್ಟಿಯ ಕಥೆಗೆ ಬರೋಣ. ಮೊದಲ ನಾಲ್ಕು ವಾರ ಏನೂ ಬದಲಾಗಲಿಲ್ಲ. ಹುಡುಗಿಗೆ ಅಳು ಬಂತು. ಅದಕ್ಕೂ ಕಾರಣ ಇತ್ತು. ತೊಟ್ಟಿಯ ಕಲ್ಲು ಸುಣ್ಣದ ಜಾತಿಯದು, ಫಾಸ್ಫೇಟನ್ನು ಹೀರಿ ಇಟ್ಟುಕೊಳ್ಳುತ್ತದೆ. ನೀರಿನಲ್ಲಿ ಕಡಿಮೆಯಾದಾಗ ನಿಧಾನವಾಗಿ ಬಿಟ್ಟುಕೊಡುತ್ತದೆ. ಹಳೇ ಬಾಕಿ ಅದು, ತೀರುವವರೆಗೆ ಕಾಯಲೇಬೇಕು. ಫಾಸ್ಫೇಟ್ ಹೀರುವ ತುಕ್ಕಿನಂಥ ಕಬ್ಬಿಣದ ಪುಡಿಯೂ ಸಿಗುತ್ತದೆ, ಅದನ್ನು ತುಂಬಾ ಹಾಕಿ ಒಂದೇ ದಿನಕ್ಕೆ ಸೊನ್ನೆ ಮಾಡೋಣವೇ ಎಂದು ಅವಳಪ್ಪ ಕೇಳಿದ. ಬೇಡವೆಂದಳು ಅವಳೇ. ಹವಳಕ್ಕೂ ಅದರೊಳಗಿನ ಪಾಚಿಗೂ ಚೂರು ಫಾಸ್ಫೇಟ್ ಬೇಕೇ ಬೇಕು. ಪೂರ್ತಿ ಬರಿದಾದ ತೊಟ್ಟಿಯಲ್ಲಿ ಡೈನೋಫ್ಲಾಜಲೇಟ್ ಎಂಬ ಇನ್ನೂ ಕೆಟ್ಟ ಕಂದು ಲೋಳೆ ಬರಬಹುದು ಎಂದು ಅವಳೇ ಓದಿ ತಿಳಿದಿದ್ದಳು. ನನಗೆ ಎದೆಯುಬ್ಬಿತು.

ಎಂಟನೆಯ ವಾರ ಕೂದಲಿನ ತುದಿ ಬಿಳಚಿತು. ಹತ್ತನೆಯ ವಾರ ಕಿತ್ತರೆ ಸುಲಭವಾಗಿ ಬಂತು, ಮತ್ತೆ ಅಷ್ಟು ಬೆಳೆಯಲಿಲ್ಲ. ಜೂನ್ ಮೂರನೆಯ ವಾರ ಫೋನಿನಲ್ಲಿ ತೊಟ್ಟಿ ತೋರಿಸಿದಳು. ಕಲ್ಲಿನ ಮೇಲೆ ನೇರಳೆ ಬಣ್ಣ ಕಂಡಿತ್ತು. ಅದೂ ಒಂದು ಬಗೆಯ ಪಾಚಿಯೇ, ಸುಣ್ಣದ ಹೊದಿಕೆಯಂಥ ಒಳ್ಳೆಯ ಪಾಚಿ. ಐದು ಹವಳಗಳಲ್ಲಿ ನಾಲ್ಕು ಬಾಯಿ ತೆರೆದಿದ್ದವು. ಐದನೆಯದು ಉಳಿಯಲಿಲ್ಲ. ಅದರ ಬಿಳಿ ಕಲ್ಲನ್ನು ಅವಳು ಮೇಜಿನ ಮೇಲೆ ಇಟ್ಟುಕೊಂಡಿದ್ದಾಳೆ. ಅವಳಪ್ಪ ಅಂಗಡಿಯ ಮಾತು ಮತ್ತೆ ಎತ್ತಿಲ್ಲ.

ಒಂದು ಎಚ್ಚರಿಕೆ. ತೊಟ್ಟಿಯಿಂದ ಕಿತ್ತ ಪಾಚಿಯನ್ನು ಕಡಲಿಗೋ ಕೆರೆಗೋ ಚರಂಡಿಗೋ ಎಸೆಯಬಾರದು. ಅಕ್ವೇರಿಯಂಗಳಲ್ಲಿ ಸಾಕುತ್ತಿದ್ದ ಕೌಲರ್ಪಾ ಟ್ಯಾಕ್ಸಿಫೋಲಿಯಾ ಎಂಬ ಪಾಚಿ 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಿನಲ್ಲಿ ಒಂದು ಚಾಪೆಯಷ್ಟು ಕಂಡಿತು. ಮುಂದೆ ಅದು ಮೆಡಿಟರೇನಿಯನ್ ಕಡಲ ತಳದಲ್ಲಿ ಸಾವಿರಾರು ಎಕರೆ ಹಬ್ಬಿತು. 2000ದಲ್ಲಿ ಅದೇ ಪಾಚಿ ಕ್ಯಾಲಿಫೋರ್ನಿಯಾದ ಹಿನ್ನೀರಿನಲ್ಲೂ ಕಾಣಿಸಿತು. ಟಾರ್ಪಾಲು ಹೊದಿಸಿ, ಅಡಿಗೆ ಕ್ಲೋರಿನ್ ಹಾಕಿ, ಪೂರ್ತಿ ಹೋಯಿತೆಂದು ಸಾರಲು 2006ರವರೆಗೆ ಕಾಯಬೇಕಾಯಿತು. ಆದ್ದರಿಂದ ಪಾಚಿಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಕಸದ ಬುಟ್ಟಿಗೆ ಹಾಕಬೇಕು.

ಇದನ್ನು ಓದಿ ನಮಗೂ ಹವಳ ಬೇಕೆಂದು ಹಟ ಹಿಡಿಯಬೇಡಿ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ, ಹುಲಿಯ ಸಾಲಿನಲ್ಲೇ, ರಕ್ಷಣೆ ಇದೆ. ಕಡಲಿನಿಂದ ಕೀಳುವುದು, ಮಾರುವುದು ಅಪರಾಧ. ನಮ್ಮ ಹವಳ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಕಡಲಿನಲ್ಲೇ ಸುಖವಾಗಿರಲಿ. ಮನೆಯಲ್ಲಿ ಸಿಹಿನೀರಿನ ಗಪ್ಪಿ ಮೀನು ಸಾಕಿದರೂ ಲೆಕ್ಕ ಇದೇ: ಕಡಿಮೆ ಆಹಾರ, ಮಿತವಾದ ಬೆಳಕು, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲು. ಚರಂಡಿ ನೀರು, ಸೋಪಿನ ನೀರು ಸೇರಿ ಹಸಿರುಗಟ್ಟಿದ ಊರ ಕೆರೆಯ ಲೆಕ್ಕವೂ ಇದೇ.

ಈ ವಾರದ ಕೆಲಸ: ಮೂರು ಗಾಜಿನ ಬಾಟಲಿಗಳಲ್ಲಿ ಕೆರೆಯ ಅಥವಾ ಮೀನಿನ ತೊಟ್ಟಿಯ ನೀರು ತುಂಬಿ. ನೀರು ತರಲು ದೊಡ್ಡವರು ಜೊತೆಗಿರಲಿ. ಒಂದನ್ನು ಹಾಗೇ ಕಿಟಕಿಯ ಬೆಳಕಿನಲ್ಲಿಡಿ. ಎರಡನೆಯದಕ್ಕೆ ಗಿಡದ ಗೊಬ್ಬರದ ನಾಲ್ಕು ಕಾಳು ಹಾಕಿ ಪಕ್ಕದಲ್ಲಿಡಿ. ಮೂರನೆಯದಕ್ಕೂ ಗೊಬ್ಬರ ಹಾಕಿ ಬೆಳಕು ಬೀಳದ ಕಪಾಟಿನಲ್ಲಿಡಿ. ಸೊಳ್ಳೆ ಮೊಟ್ಟೆ ಇಡದಂತೆ ಮೂರಕ್ಕೂ ತೆಳು ಬಟ್ಟೆ ಕಟ್ಟಿ, ಕೈ ತೊಳೆದುಕೊಳ್ಳಿ. ಎರಡು ವಾರ ದಿನವೂ ನೋಡಿ, ತಾರೀಕು ಹಾಕಿ ಬರೆಯಿರಿ. ಯಾವುದು ಹೆಚ್ಚು ಹಸಿರಾಯಿತು, ಏಕೆ ಎಂಬುದನ್ನು ಅಜ್ಜನಿಗೋ ಅಜ್ಜಿಗೋ ವಿವರಿಸಿ ಹೇಳಿ. ಅವರು ಒಪ್ಪಿದರೆ ನಿಮ್ಮ ಲೆಕ್ಕ ತಾಳೆಯಾದಂತೆ.