ಲಿಂಕನ್ ಪಾಠ ಮತ್ತು ನಮ್ಮ ಕೊಟ್ಟಿಗೆ

"ನಮ್ಮ ದೇಶದಲ್ಲೂ ಒಬ್ಬ ಲಿಂಕನ್ ಹುಟ್ಟಬೇಕಿತ್ತು ಕಣ್ರೀ" ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅನ್ನುವವರು ಕೆಟ್ಟವರೇನಲ್ಲ. ಓದಿಕೊಂಡವರು, ಮಕ್ಕಳಿಗೆ ಚೆನ್ನಾಗಿ ಪಾಠ ಹೇಳುವವರು. ಆದರೆ ಆ ಮಾತಿನಲ್ಲಿ ಎಂಥ ಸುಖವಾದ ಸೋಮಾರಿತನವಿದೆ ನೋಡಿ. ದೊಡ್ಡ ಮನುಷ್ಯನೊಬ್ಬ ಬರುತ್ತಾನೆ, ಕಾಗದಕ್ಕೆ ಸಹಿ ಹಾಕುತ್ತಾನೆ, ಕೋಟಿ ಜನರ ಸಂಕಟ ಕಳೆದುಹೋಗುತ್ತದೆ. ನಾವು ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದರೆ ಮುಗಿಯಿತು! "ಅಮೆರಿಕದ ಗುಲಾಮರನ್ನು ಬಿಡುಗಡೆ ಮಾಡಿದವರು ಯಾರು?" ಒಂದು ಅಂಕದ ಪ್ರಶ್ನೆ. "ಅಬ್ರಹಾಂ ಲಿಂಕನ್" ಎಂದು ಬರೆದವರಿಗೆಲ್ಲ ನಾನೂ ಇಷ್ಟು ವರ್ಷ ಅಂಕ ಕೊಟ್ಟಿದ್ದೇನೆ.

ಸಹಿ ನಮ್ಮಲ್ಲೂ ಬಿದ್ದಿತ್ತು, ಅದನ್ನು ಮರೆಯುತ್ತೇವೆ. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಬಂತು. ಇಂದಿರಾ ಗಾಂಧಿಯವರ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ ಜೀತ ನಿರ್ಮೂಲನೆಯೂ ಒಂದು. ಅದೇ ವರ್ಷ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಹೊರಟಿತು, 1976ರ ಫೆಬ್ರವರಿಯಲ್ಲಿ ಕಾಯಿದೆಯೇ ಆಯಿತು. ಕಾಯಿದೆ ಏನೂ ಹಲ್ಲಿಲ್ಲದ್ದಲ್ಲ. ಜೀತದ ಸಾಲವೆಲ್ಲ ಅಂದಿಗೇ ಮನ್ನಾ. ಜೀತಕ್ಕಿಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಜೈಲು, ಎರಡು ಸಾವಿರದವರೆಗೆ ದಂಡ. ಇದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊಣೆಯೂ ಸಾಲ ಕೊಟ್ಟವನದೇ. ಪತ್ರಿಕೆಗಳ ಬಾಯಿ ಕಟ್ಟಿದ, ವಿರೋಧಿಗಳನ್ನು ಜೈಲಿಗೆ ಅಟ್ಟಿದ ಸರ್ಕಾರವೇ ಇಂಥ ಒಳ್ಳೆಯ ಕಾಯಿದೆಯನ್ನೂ ತಂದಿತು. ಲಿಂಕನ್ನರೂ ಯುದ್ಧದ ನೆಪದಲ್ಲಿ ವಿಚಾರಣೆಯಿಲ್ಲದೆ ಜನರನ್ನು ಬಂಧಿಸಿಟ್ಟವರೇ. ಇತಿಹಾಸ ಒಬ್ಬರನ್ನು ಪೂರ್ತಿ ದೇವರಾಗಲು ಬಿಡುವುದಿಲ್ಲ.

ಆಗ ನನಗೆ ಎಂಟು ವರ್ಷ. ನಂಜನಗೂಡು ತಾಲ್ಲೂಕಿನ ನಮ್ಮ ಊರು, ಈಗಿನ ತಾಂಡ್ಯದ ಕಾರ್ಖಾನೆಗಳಿಂದ ಹೆಚ್ಚು ದೂರವಲ್ಲ. ಆಗ ಕಾರ್ಖಾನೆ ಎಲ್ಲಿಯದು, ಬರೀ ಗದ್ದೆ, ಹೊಲ, ಎತ್ತಿನಗಾಡಿ. ನಮ್ಮ ಕೊಟ್ಟಿಗೆಯಲ್ಲಿ ನಾಲ್ಕು ಎತ್ತು, ಮೂರು ಹಸು, ಒಬ್ಬ ಹುಡುಗ. ಹೀಗೆ ಒಂದೇ ಸಾಲಿನಲ್ಲಿ ಬರೆಯಲು ಈಗ ಕೈ ನಡುಗುತ್ತದೆ, ಆದರೆ ನಾವು ಎಣಿಸುತ್ತಿದ್ದದ್ದೇ ಹಾಗೆ. ಅವನಿಗೆ ಹನ್ನೆರಡು ಹದಿಮೂರು ಇರಬೇಕು. ಅವನ ಅಪ್ಪ ಮಗಳ ಮದುವೆಗೆಂದು ನಮ್ಮಪ್ಪನಲ್ಲಿ ಮುನ್ನೂರು ರೂಪಾಯಿ ತಂದಿದ್ದ. ಆ ದುಡ್ಡಿಗೆ ಈ ಹುಡುಗ. ಕೋಳಿ ಕೂಗುವ ಮೊದಲೇ ಸಗಣಿ ಬಾಚಬೇಕು, ದನ ಹೊಡೆದುಕೊಂಡು ಹೋಗಬೇಕು, ರಾತ್ರಿ ಕೊಟ್ಟಿಗೆಯಲ್ಲೇ ಮಲಗಬೇಕು. ವರ್ಷಕ್ಕೆ ಎರಡು ಜೊತೆ ಬಟ್ಟೆ, ಒಂದು ಕಂಬಳಿ, ಅವರ ಮನೆಗೆ ಅಷ್ಟಿಷ್ಟು ರಾಗಿ. ಸಾಲ ಮಾತ್ರ ಕರಗುತ್ತಿರಲಿಲ್ಲ. ಅವನು ಜ್ವರ ಬಂದು ಮಲಗಿದ ದಿನಗಳನ್ನೂ ಅಪ್ಪ ಲೆಕ್ಕದ ಪುಸ್ತಕಕ್ಕೆ ಸೇರಿಸುತ್ತಿದ್ದರು.

ಅವ್ವ ಅವನನ್ನು ಒಂದು ದಿನ ಬೈದವಳಲ್ಲ. ಹಬ್ಬಕ್ಕೆ ಒಬ್ಬಟ್ಟು ಎತ್ತಿಡುತ್ತಿದ್ದಳು. ಅವನ ತಟ್ಟೆ ಮಾತ್ರ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು, ಸಾರನ್ನು ಮೇಲಿನಿಂದ ಹುಯ್ಯುತ್ತಿದ್ದಳು. ಗಂಡಸರು ಜಮೀನು ಇಟ್ಟುಕೊಂಡಿದ್ದರು, ನಾವೇನು ಮಾಡಿದೆವು ಎಂದು ಕೇಳುವ ಹೆಂಗಸರಿಗೆ ಹೇಳುತ್ತೇನೆ: ಜೀತದ ಲೆಕ್ಕ ಜಗಲಿಯ ಮೇಲೆ ನಡೆದರೂ ಜೀತ ನಡೆಯುತ್ತಿದ್ದದ್ದು ಅಡಿಗೆಮನೆಯ ಹಿಂಬಾಗಿಲಲ್ಲಿ.

ಸುಗ್ರೀವಾಜ್ಞೆಯ ಸುದ್ದಿ ರೇಡಿಯೋದಲ್ಲಿ ಬಂತು. ಎರಡು ದಿನ ಅಪ್ಪನ ಮುಖ ಗಂಟಾಗಿತ್ತು. ಆಮೇಲೆ ಊರಿನ ಹಿರಿಯರೊಬ್ಬರು ಬಂದು, "ಯಾರಾರ ಕೇಳುದ್ರೆ ಸಂಬಳದಾಳು ಅಂದ್ಬುಡಿ, ಅಷ್ಟೇಯ" ಎಂದು ದಾರಿ ತೋರಿಸಿದರು. ಹುಡುಗನನ್ನೂ ಕರೆದು ಹೇಳಿದರು. ಅವನು ತಲೆ ಬಗ್ಗಿಸಿ "ಆಯ್ತು ಬುದ್ಧಿ" ಅಂದ. ದೇಶದಲ್ಲಿ ಜೀತ ರದ್ದಾಯಿತು, ನಮ್ಮ ಕೊಟ್ಟಿಗೆಯಲ್ಲಿ ಅದರ ಹೆಸರು ರದ್ದಾಯಿತು. ಮತ್ತೆ ನಾಲ್ಕು ವರ್ಷ ಅವನು ಅಲ್ಲೇ ಇದ್ದ. ಎಪ್ಪತ್ತರ ದಶಕದ ಕೊನೆಗೆ ದಲಿತ ಸಂಘರ್ಷ ಸಮಿತಿಯ ಹುಡುಗರು ಊರೂರಿನ ಕೇರಿಗಳಲ್ಲಿ ಹಾಡು ಹೇಳುತ್ತ ತಿರುಗುತ್ತಿದ್ದರು. ಸಾಲ ತೀರಿಸಬೇಕಾಗಿಲ್ಲ ಎಂಬ ಮಾತು ನಮ್ಮೂರ ಕೇರಿಯ ಕಿವಿಗೆ ಬಿದ್ದದ್ದು ಅವರಿಂದ. ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸಗಣಿ ಹಾಗೇ ಬಿದ್ದಿತ್ತು. ಅವನು ಹೊರಟುಹೋಗಿದ್ದ. ಅಪ್ಪ ಕೂಗಾಡಿದರು, ಆದರೆ ಕೇರಿಗೆ ಹೋಗಿ ಕೇಳುವ ಧೈರ್ಯ ಮಾಡಲಿಲ್ಲ. ಆಗ ಆ ಕಾಯಿದೆ ಕೆಲಸಕ್ಕೆ ಬಂತು ನೋಡಿ!

ಈಗ ಲಿಂಕನ್ನರ ಕತೆಗೆ ಬನ್ನಿ. 1861ರಲ್ಲಿ ಯುದ್ಧ ಶುರುವಾದದ್ದು ಗುಲಾಮರಿಗಾಗಿ ಅಲ್ಲ, ಒಡೆದುಹೋಗುತ್ತಿದ್ದ ದೇಶವನ್ನು ಉಳಿಸಲಿಕ್ಕೆ. ಒಬ್ಬ ಗುಲಾಮನನ್ನೂ ಬಿಡಿಸದೆ ದೇಶ ಉಳಿಯುವುದಾದರೆ ಹಾಗೇ ಮಾಡುತ್ತೇನೆಂದು 1862ರ ಆಗಸ್ಟಿನಲ್ಲಿ ಅವರೇ ಒಬ್ಬ ಸಂಪಾದಕರಿಗೆ ಬರೆದಿದ್ದರು. ಅದೇ ವರ್ಷ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಗುಲಾಮಗಿರಿ ತೆಗೆದಾಗ ಪರಿಹಾರ ಸಿಕ್ಕಿದ್ದು ಯಾರಿಗೆ ಗೊತ್ತೇ? ಒಡೆಯರಿಗೆ, ತಲೆಗೆ 300 ಡಾಲರಿನವರೆಗೆ. ದುಡಿದವರಿಗೆ ಆ ದುಡಿಮೆಗೆಂದು ಒಂದು ಬಿಡಿಗಾಸೂ ಇಲ್ಲ. 1863ರ ಜನವರಿ 1ರ ಘೋಷಣೆಯೂ ದಂಗೆಯೆದ್ದ ರಾಜ್ಯಗಳಿಗೆ ಮಾತ್ರ. ಲಿಂಕನ್ನರ ಪಕ್ಷದಲ್ಲೇ ಉಳಿದ ಕೆಂಟಕಿ, ಮಿಸೌರಿ, ಮೇರಿಲೆಂಡ್, ಡೆಲವೇರ್‌ಗಳಲ್ಲಿ ಗುಲಾಮರು ಗುಲಾಮರಾಗಿಯೇ ಇದ್ದರು. ಆದರೆ ಘೋಷಣೆಗೂ ಮೊದಲೇ ಗುಲಾಮರು ತೋಟಗಳನ್ನು ಬಿಟ್ಟು, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು, ಉತ್ತರದ ಸೈನ್ಯದ ಡೇರೆಗಳಿಗೆ ಓಡಿಬರುತ್ತಿದ್ದರು. ಆಮೇಲೆ ಸುಮಾರು 1.8 ಲಕ್ಷ ಕಪ್ಪು ಜನ ಆ ಸೈನ್ಯ ಸೇರಿ ಕಾದಾಡಿದರು. ನಮ್ಮ ಕೊಟ್ಟಿಗೆಯ ಹುಡುಗ ಒಬ್ಬನೇ ಹೋದ, ಅವರು ಲಕ್ಷಗಟ್ಟಲೆ ಹೋದರು.

ಲಿಂಕನ್ನರನ್ನು ಸಣ್ಣವರನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಶಾಂತಿ ಬರುತ್ತದೆ, ಚುನಾವಣೆ ಗೆಲ್ಲಬಹುದು ಎಂದು 1864ರಲ್ಲಿ ಎಷ್ಟೋ ಜನ ಕಿವಿ ಕಚ್ಚಿದರೂ ಅವರು ಜಗ್ಗಲಿಲ್ಲ. ಗುಲಾಮಗಿರಿಯನ್ನು ಸಂವಿಧಾನದಿಂದಲೇ ಕಿತ್ತುಹಾಕುವ ತಿದ್ದುಪಡಿಯನ್ನು ಪಟ್ಟುಹಿಡಿದು 1865ರ ಜನವರಿ 31ರಂದು ಕೆಳಮನೆಯಲ್ಲಿ ಪಾಸು ಮಾಡಿಸಿದರು. ಏಪ್ರಿಲ್‌ನಲ್ಲಿ ಅವರ ಕೊಲೆಯಾಯಿತು, ತಿದ್ದುಪಡಿ ಜಾರಿಗೆ ಬಂದದ್ದನ್ನು ನೋಡಲಿಲ್ಲ. ಸಹಿಗೆ ಬೆಲೆ ಇದೆ. ಆದರೆ ಸಹಿಯ ಮುಂದಿನ ಪುಟವನ್ನೂ ಓದಿ ಎನ್ನುತ್ತೇನೆ. ಟೆಕ್ಸಾಸಿನ ಗಾಲ್ವೆಸ್ಟನ್ನಿನಲ್ಲಿ ಬಿಡುಗಡೆಯ ಆಜ್ಞೆ ಓದಿದ್ದು 1865ರ ಜೂನ್ 19ಕ್ಕೆ, ಘೋಷಣೆಯಾಗಿ ಎರಡೂವರೆ ವರ್ಷದ ಮೇಲೆ. ಬಿಡುಗಡೆಯಾದ ಕೆಲವರಿಗೆ ಸೇನಾಪತಿ ಶೆರ್ಮನ್ ನಲವತ್ತು ನಲವತ್ತು ಎಕರೆ ಹಂಚಿದ್ದ. ಲಿಂಕನ್ ಹೋದ ಮೇಲೆ ಬಂದ ಅಧ್ಯಕ್ಷ ಜಾನ್ಸನ್ ಆ ಭೂಮಿಯಲ್ಲಿ ಬಹುಪಾಲನ್ನು ಹಳೆಯ ಒಡೆಯರಿಗೇ ತಿರುಗಿಸಿದ. ಭೂಮಿಯಿಲ್ಲದವರು ಅದೇ ಒಡೆಯರಲ್ಲಿ ವಾರಕ್ಕೆ ಸಾಗುವಳಿ ಮಾಡಿ, ಅವರ ಅಂಗಡಿಯಲ್ಲೇ ಸಾಲ ಬಿದ್ದರು. ಅದನ್ನು ಓದಿದಾಗ ನನಗೆ ನಮ್ಮಪ್ಪನ ಲೆಕ್ಕದ ಪುಸ್ತಕದ ಕೆಂಪು ರಟ್ಟು ಕಣ್ಣಿಗೆ ಕಟ್ಟಿತು.

ನಮ್ಮಲ್ಲೂ ಇದೇ ಆಯಿತಲ್ಲ. ನಮ್ಮ ಜಿಲ್ಲೆಯವರೇ ಆದ ದೇವರಾಜ ಅರಸರ ಭೂಸುಧಾರಣೆ 1974ರಲ್ಲಿ ಜಾರಿಗೆ ಬಂತು. ದೊಡ್ಡ ಕೆಲಸ, ಎಷ್ಟೋ ಗೇಣಿದಾರರು ಭೂಮಿಯ ಒಡೆಯರಾದರು. ಆದರೆ ಏಳನೇ ನಂಬರಿನ ಅರ್ಜಿ ಹಾಕಲು ಗೇಣಿಯಾದರೂ ಇರಬೇಕು. ಕೊಟ್ಟಿಗೆಯಲ್ಲಿ ಮಲಗುವವನ ಹೆಸರಿನಲ್ಲಿ ಯಾವ ಗೇಣಿ?

ಇನ್ನು ಪಟ್ಟಣದ ನಮ್ಮ ಮಾತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ. ಮನೆಗೆಲಸಕ್ಕೂ ಕನಿಷ್ಠ ವೇತನವನ್ನು ನಮ್ಮ ರಾಜ್ಯ 2004ರಲ್ಲೇ ಗೊತ್ತುಮಾಡಿದೆ. ನಮ್ಮಲ್ಲಿ ಎಷ್ಟು ಮಂದಿ ಅದು ಎಷ್ಟೆಂದು ವಿಚಾರಿಸಿದ್ದೇವೆ? ಮುಂಗಡ ಕೊಟ್ಟರೆ ಕೆಲಸದವಳು ಬಿಟ್ಟುಹೋಗುವುದಿಲ್ಲ ಎಂದು ಒಬ್ಬರಿಗೊಬ್ಬರು ಉಪಾಯ ಹೇಳಿಕೊಡುವವರು ನಾವೇ. ನಾನೂ ಹೇಳಿದ್ದೇನೆ. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವಳಿಗೆ ಮಗಳ ಕಾಲೇಜು ಫೀಸಿಗೆ ಆರು ಸಾವಿರ ಕೊಟ್ಟು, ಕ್ಯಾಲೆಂಡರಿನ ಹಿಂದೆ ಬರೆದಿಟ್ಟು, ತಿಂಗಳಿಗೆ ಐನೂರು ಮುರಿದುಕೊಳ್ಳುತ್ತಿದ್ದೆ. ಪಕ್ಕದ ಬೀದಿಯಲ್ಲಿ ಹೆಚ್ಚು ಕೊಡುತ್ತೇವೆಂದು ಕರೆದರೂ ಅವಳು ಹೋಗಲಿಲ್ಲ. ನಿಷ್ಠೆ ಎಂದುಕೊಂಡು ಹಿಗ್ಗಿದ್ದೆ.

ಈ ಬರಹಕ್ಕೆ ಕೂತ ಮೇಲೆ ಒಂದು ದಿನ ಅವಳನ್ನು ಕರೆದು, ಉಳಿದ ಸಾಲ ತೀರಿತು, ಈ ತಿಂಗಳಿಂದ ಸಂಬಳವೂ ಹೆಚ್ಚು, ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿದರೆ ಹೋಗು ಎಂದೆ. ಖುಷಿಪಡುತ್ತಾಳೆಂದು ಕಾದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಮುಖವನ್ನೇ ನೋಡಿದಳು.

"ಯಾಕ್ ಮಿಸ್, ನನ್ನ ಬುಡುಸ್ಬೇಕು ಅಂತ ಮಾಡಿದ್ದೀರಾ?"