ಪೇಪರ್ ಮೇಲೆ ಕೇಸ್ ಹಾಕುವ ಮುನ್ನ ಜಮಾ-ಖರ್ಚು ನೋಡಿ

ಅಕ್ಕಲಕೋಟ: "ತಮ್ಮಾ, ನೀ ಪೇಪರದಾಂವ ಇದ್ದಿ. ಖರೆ ಹೇಳು, ಹತ್ತು ಲಕ್ಷದ ಕೇಸ್ ಹಾಕ್ಲೇನು?"

ತಾಲೂಕಿನ ಹಳ್ಳಿಯೊಂದರಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಕಾಕಾ ಒಬ್ಬರು ಈಚೆಗೆ ಮನೆಗೆ ಬಂದು ಕೇಳಿದ ಪ್ರಶ್ನೆ ಇದು. ಕೈಯಲ್ಲಿ ಮರಾಠಿ ದಿನಪತ್ರಿಕೆಯ ತುಣುಕು. ಪತಸಂಸ್ಥೆಯೊಂದರ ಹಣ ದುರುಪಯೋಗದ ಬಾತಮಿ. ಆರೋಪಿಗಳ ಯಾದಿಯಲ್ಲಿ ಇವರದೇ ಹೆಸರು, ಇವರದೇ ಅಡ್ಡಹೆಸರು, ಇವರದೇ ಊರು. ನಿಜವಾದ ಆರೋಪಿ ಬೇರೆ ಊರಿನವ, ಅವನ ತಂದೆಯ ಹೆಸರೂ ಬೇರೆ. ಬಾತಮಿ ಬಂದ ವಾರದಲ್ಲೇ ಮಗಳನ್ನು ನೋಡಲು ಬರಬೇಕಿದ್ದ ವಿಜಯಪುರ ಕಡೆಯ ಗಂಡಿನವರು "ಮುಂದ ನೋಡೂಣ್ರಿ" ಎಂದು ಫೋನ್ ಮಾಡಿದರು. ಉದ್ರಿ ಕೊಡುತ್ತಿದ್ದ ಸೊಲ್ಲಾಪುರದ ವ್ಯಾಪಾರಿ ಈಗ ರೋಖ ಕೇಳುತ್ತಿದ್ದಾನೆ.

ಪತ್ರಿಕೆಯದು ತಪ್ಪು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮರಾಠಿಯಲ್ಲಿ ಅಬ್ರುನುಕಸಾನಿ, ಕನ್ನಡದಲ್ಲಿ ಮಾನನಷ್ಟ ಎಂದು ಕರೆಯುವ ಈ ದಾವೆ ಹೂಡುವ ಮುನ್ನ ಜಮಾ, ಖರ್ಚು ಎರಡೂ ಬದಿ ಬರೆದು ನೋಡಬೇಕಾಗುತ್ತದೆ.

15 ಸೆಕೆಂಡಿಗೆ 100 ಕೋಟಿ

ಇಂಥ ಮಾತು ಬಂದಾಗ ನಮ್ಮ ಕಡೆ ಹೇಳುವುದು ಪುಣೆಯ ಕೇಸ್. 2008ರ ಸೆಪ್ಟೆಂಬರಿನಲ್ಲಿ ಟೈಮ್ಸ್ ನೌ ಚಾನೆಲ್ ಗಾಜಿಯಾಬಾದಿನ ಭವಿಷ್ಯ ನಿಧಿ ಹಗರಣದ ಸುದ್ದಿ ಬಿತ್ತರಿಸುವಾಗ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪಿ.ಬಿ. ಸಾವಂತರ ಫೋಟೋ ತೋರಿಸಿತು. ತೋರಿಸಬೇಕಿದ್ದದ್ದು ಹೆಸರಿನಲ್ಲಿ ಹೋಲಿಕೆ ಇದ್ದ ಮತ್ತೊಬ್ಬ ನ್ಯಾಯಮೂರ್ತಿಯದು. ತಪ್ಪು ಫೋಟೋ ಪರದೆಯ ಮೇಲೆ ಇದ್ದದ್ದು ಸುಮಾರು 15 ಸೆಕೆಂಡು. ಚಾನೆಲ್ ಆಮೇಲೆ ಕ್ಷಮೆ ಕೇಳಿದರೂ ಸಾವಂತರು ಒಪ್ಪಲಿಲ್ಲ. ಪುಣೆ ನ್ಯಾಯಾಲಯದಲ್ಲಿ 100 ಕೋಟಿ ರೂ. ದಾವೆ ಹೂಡಿದರು. 2011ರ ಏಪ್ರಿಲಿನಲ್ಲಿ ಕೋರ್ಟ್ ಕೇಳಿದಷ್ಟೂ ಕೊಡಿಸಿತು.

ಚಾನೆಲ್ ಮುಂಬೈ ಹೈಕೋರ್ಟಿಗೆ ಹೋಯಿತು. 20 ಕೋಟಿ ನಗದು ಠೇವಣಿ ಇಡಿ, 80 ಕೋಟಿಗೆ ಬ್ಯಾಂಕ್ ಗ್ಯಾರಂಟಿ ಕೊಡಿ ಎಂದು ಹೈಕೋರ್ಟ್ ಹೇಳಿತು. ಅದೇ ವರ್ಷ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಆದೇಶದಲ್ಲಿ ಕೈ ಹಾಕಲು ಒಪ್ಪಲಿಲ್ಲ.

ಜನರಿಗೆ ನೆನಪಿರುವುದು 100 ಕೋಟಿ ಮಾತ್ರ. ಸಾವಂತರು ಸ್ವತಃ ನ್ಯಾಯಮೂರ್ತಿಯಾಗಿದ್ದವರು, ಭಾರತೀಯ ಪತ್ರಿಕಾ ಮಂಡಳಿಯ ಅಧ್ಯಕ್ಷರೂ ಆಗಿದ್ದವರು ಎಂಬುದನ್ನು ಮರೆಯುತ್ತಾರೆ. ಅವರ ಕೇಸಿನಲ್ಲಿ ತಪ್ಪು ಕಣ್ಣಿಗೆ ಕಾಣುವಂತಿತ್ತು. ಹಾಗಿದ್ದೂ ಮೊದಲ ತೀರ್ಪಿಗೆ ಎರಡೂವರೆ ವರ್ಷ ಬೇಕಾಯಿತು, ಅದರ ಮೇಲೆ ಮೇಲ್ಮನವಿ. ಸಾವಂತರು 2021ರ ಫೆಬ್ರುವರಿಯಲ್ಲಿ ತೀರಿಕೊಂಡರು. ಡಿಕ್ರಿ ಎಂದರೆ ಕೈಗೆ ಬಂದ ರೊಕ್ಕ ಅಲ್ಲ.

ಖರ್ಚಿನ ಬದಿ

ಮೊದಲನೆಯದು ಕೋರ್ಟ್ ಫೀ. ಪರಿಹಾರ ಎಷ್ಟು ಹೆಚ್ಚು ಕೇಳುತ್ತೀರೋ ಫೀ ಅಷ್ಟು ಏರುತ್ತದೆ. ಮಹಾರಾಷ್ಟ್ರದಲ್ಲಿ ಇದಕ್ಕೆ 3 ಲಕ್ಷ ರೂ. ಮಿತಿ ಇತ್ತು. 2018ರಲ್ಲಿ ಅದು 10 ಲಕ್ಷಕ್ಕೆ ಏರಿತು. ದೊಡ್ಡ ಅಂಕಿ ಬರೆದು ಹೆದರಿಸೋಣ ಎಂದುಕೊಂಡವರು ಮೊದಲ ದಿನವೇ ಕಿಸೆ ಖಾಲಿ ಮಾಡಿಕೊಳ್ಳುತ್ತಾರೆ.

ಎರಡನೆಯದು ವಕೀಲರ ಫೀ, ತಾರೀಖಿಗೊಮ್ಮೆ ಅಂಗಡಿ ಮುಚ್ಚಿ ಹೋಗುವ ನುಕಸಾನ. ಗೆದ್ದರೂ ವಕೀಲರಿಗೆ ಕೊಟ್ಟದ್ದೆಲ್ಲ ಎದುರಿನವರಿಂದ ಬರುವುದು ಅಪರೂಪ. ಸುಳ್ಳು ವಾದಕ್ಕಾಗಿ ಕೋರ್ಟ್ ಪ್ರತ್ಯೇಕವಾಗಿ ಕೊಡಿಸುವ ಖರ್ಚಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಮಿನಲ್ಲಿರುವ ಮಿತಿ 3 ಸಾವಿರ ರೂಪಾಯಿ!

ಗಡಿಯವರಿಗೆ ಇನ್ನೊಂದು ಖರ್ಚೂ ಉಂಟು. ಪತ್ರಿಕೆ ಕರ್ನಾಟಕದಲ್ಲಿ ಅಚ್ಚಾದರೂ ಅಕ್ಕಲಕೋಟದಲ್ಲಿ ಓದಿ ಇಲ್ಲಿಯೇ ಮಾನ ಹೋಗಿದ್ದರೆ ಇಲ್ಲಿಯೇ ದಾವೆ ಹೂಡಬಹುದು. ಆದರೆ ಕನ್ನಡ ತುಣುಕನ್ನು ಮರಾಠಿಗೆ ಭಾಷಾಂತರ ಮಾಡಿಸಬೇಕು. ಒಂದು ಶಬ್ದದ ಅರ್ಥದ ಮೇಲೆಯೇ ವಾದ ನಿಲ್ಲಬಹುದು.

ಎಲ್ಲಕ್ಕಿಂತ ಭಾರವಾದದ್ದು ಪಾಟೀಸವಾಲು. ನಿಮ್ಮ ಮಾನಕ್ಕೆ ಬೆಲೆ ಕೇಳಿದಿರೆಂದರೆ ಎದುರಿನ ವಕೀಲರು ಆ ಮಾನವನ್ನೇ ತೂಕಕ್ಕೆ ಹಾಕುತ್ತಾರೆ. ಹಳೆಯ ಸಾಲ, ಹಳೆಯ ಜಗಳ ಎಲ್ಲ ಹೊರಗೆ ಬರುತ್ತವೆ. ಕೋರ್ಟಿನಲ್ಲಿ ನಡೆದದ್ದನ್ನು ಸರಿಯಾಗಿ ವರದಿ ಮಾಡುವುದು ಮಾನಹಾನಿ ಅಲ್ಲ. ಹೀಗಾಗಿ ಊರು ಮರೆಯಬೇಕೆಂದ ಸುದ್ದಿ ಮತ್ತೆ ಮತ್ತೆ ಅಚ್ಚಾಗುತ್ತದೆ. ಬರೆದದ್ದು ಸತ್ಯವೆಂದು ಪತ್ರಿಕೆ ಸಿದ್ಧಪಡಿಸಿದರಂತೂ ಸಿವಿಲ್ ದಾವೆ ಅಲ್ಲಿಗೇ ಮುಗಿಯಿತು.

ತೀರ್ಪಿಗೆ ಮುಂಚೆಯೇ ದಾವೆದಾರ ತೀರಿಕೊಂಡರೆ ದಾವೆಯೂ ಅವನ ಸಂಗಡ ಹೋಗುತ್ತದೆ, ಮಕ್ಕಳು ಮುಂದುವರಿಸಲು ಬರುವುದಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ವಯಸ್ಸಾದವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಮಾತಿದು.

ಫೌಜದಾರಿ ಸಸ್ತಾ, ಆದರೆ...

ಕೋರ್ಟ್ ಫೀ ಬೇಡವೆಂದು ಕೆಲವರು ಫೌಜದಾರಿ ಖಟ್ಲೆಗೆ ಹೋಗುತ್ತಾರೆ. ಹಿಂದಿನ ಐಪಿಸಿ 499, 500ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಆಗಿದೆ. ಎರಡು ವರ್ಷದವರೆಗೆ ಸಾದಾ ಸೆರೆವಾಸ, ದಂಡ ಇಲ್ಲವೆ ಸಮುದಾಯ ಸೇವೆ ಶಿಕ್ಷೆ. ಈ ಕಾನೂನು ಇರಲಿ ಎಂದು ಸುಪ್ರೀಂ ಕೋರ್ಟ್ 2016ರಲ್ಲಿಯೇ ಹೇಳಿದೆ. ಆದರೆ ಇಲ್ಲಿ ಮಾನ ಕಳೆಯುವ ಉದ್ದೇಶವನ್ನೋ ಅರಿವನ್ನೋ ತೋರಿಸಬೇಕು. ಹೆಸರು ಅದಲು ಬದಲಾದ ಕಾಕಾನಂಥ ಪ್ರಕರಣದಲ್ಲಿ ಅದು ಕಷ್ಟ. ಶಿಕ್ಷೆಯಾದರೂ ಕಾಕಾನ ಕೈಗೆ ಪರಿಹಾರ ಬಂದೇ ಬರುತ್ತದೆ ಎನ್ನುವಂತಿಲ್ಲ.

ವೇಳೆಯೂ ಉಳಿಯುವುದಿಲ್ಲ. ಪತ್ರಕರ್ತೆ ಗೌರಿ ಲಂಕೇಶ್ ಅವರ ಪತ್ರಿಕೆಯ 2008ರ ಜನವರಿಯ ವರದಿಯ ಮೇಲೆ ಸಂಸದ ಪ್ರಲ್ಹಾದ ಜೋಶಿ ಹಾಗೂ ಅವರದೇ ಪಕ್ಷದ ಇನ್ನೊಬ್ಬರು ಹೂಡಿದ ಪ್ರಕರಣಗಳಲ್ಲಿ ಹುಬ್ಬಳ್ಳಿ ಕೋರ್ಟ್ ತೀರ್ಪು ಕೊಟ್ಟದ್ದು 2016ರ ನವೆಂಬರಿನಲ್ಲಿ. ಗೌರಿಯವರಿಗೆ 6 ತಿಂಗಳ ಶಿಕ್ಷೆಯಾಯಿತು, ಅಂದೇ ಜಾಮೀನೂ ಸಿಕ್ಕಿತು. ದೂರು ಕೊಟ್ಟವರೂ ಆರೋಪಿಯೂ ಎಂಟು ವರ್ಷ ಕೋರ್ಟಿಗೆ ಕಟ್ಟುಬಿದ್ದರು.

ಪತ್ರಿಕೆಗೂ ಭಯವಿದೆ

ಈ ದಾವೆಗಳ ಭಯ ಸಣ್ಣ ಪತ್ರಿಕೆಗಳಿಗೆ ಹೆಚ್ಚು. ಶ್ರೀಮಂತರು ಕೋಟಿಗಳ ನೋಟೀಸು ಕಳಿಸಿದರೆ ನಿಜ ಬರೆದವನೂ ಬಾಯಿ ಮುಚ್ಚುತ್ತಾನೆ. ಇದನ್ನು ಕೋರ್ಟುಗಳೂ ಕಂಡಿವೆ. ಸರ್ಕಾರ, ಸ್ಥಳೀಯ ಸಂಸ್ಥೆಗಳು ತಮ್ಮ ಮಾನ ಹೋಯಿತೆಂದು ಪರಿಹಾರ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿತು. 2024ರ ಮಾರ್ಚಿನಲ್ಲಿ ಬ್ಲೂಮ್‌ಬರ್ಗ್ ಸಂಸ್ಥೆಯ ವಿರುದ್ಧ ಝೀ ಹೂಡಿದ ದಾವೆಯಲ್ಲಿ, ವಿಚಾರಣೆಗೆ ಮುಂಚೆಯೇ ಲೇಖನ ತೆಗೆದುಹಾಕಿಸುವ ಆದೇಶವನ್ನು ರದ್ದು ಮಾಡಿತು.

ಹಾಗಂತ ಬಡವನ ಮಾನಕ್ಕೆ ಬೆಲೆ ಇಲ್ಲ ಎಂದಲ್ಲ. ಬಾತಮಿಗೆ ಇಷ್ಟು ಎಂದು ದುಡ್ಡು ತೆಗೆದುಕೊಳ್ಳುವ ನನ್ನಂಥ ಬಾತಮೀದಾರರೇ ಗಡಿಬಿಡಿಯಲ್ಲಿ ಯಾದಿ ಬರೆದು ಕಳಿಸುವವರು. ತಂದೆಯ ಹೆಸರು, ಊರು ಕೇಳಲು ಹಿಡಿಯುವುದು ಎರಡು ನಿಮಿಷ. ಕೇಳದಿದ್ದರೆ ಒಂದು ಮನೆಯ ಲಗ್ನ ನಿಲ್ಲುತ್ತದೆ.

ಮಾಡಬೇಕಾದ್ದೇನು?

ಮೊದಲು ಪೂರ್ತಿ ಪುಟವನ್ನು ತಾರೀಖಿನ ಸಮೇತ ಕಾಪಾಡಿ. ತಪ್ಪೆಂದು ತೋರಿಸುವ ಕಾಗದ ಜೋಡಿಸಿ. ಕಾಕಾನಿಗೆ ಅದು ಎಫ್ಐಆರ್ ನಕಲು. ಸಂಪಾದಕರಿಗೆ ರಿಜಿಸ್ಟರ್ ಪತ್ರ ಬರೆದು, ಅದೇ ಪುಟದಲ್ಲಿ ಖುಲಾಸೆ ಹಾಕಲು ಕೇಳಿ.

ಜಗ್ಗದಿದ್ದರೆ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ, ವಾರಪತ್ರಿಕೆಗಳ ವಿಷಯದಲ್ಲಿ ಬಾತಮಿ ಬಂದ ಎರಡು ತಿಂಗಳೊಳಗೆ ದೂರು ಹೋಗಬೇಕು. ಮಂಡಳಿ ಛೀಮಾರಿ ಹಾಕಬಹುದು, ಪರಿಹಾರ ಕೊಡಿಸಲಾರದು. ಟಿವಿ ಅದರ ಕೈಯಲ್ಲಿಲ್ಲ. ಕೋರ್ಟಿನಲ್ಲಿ ದಾವೆ ಇದ್ದರೆ ಮಂಡಳಿ ದೂರು ಕೇಳುವುದಿಲ್ಲ. ಆದ್ದರಿಂದ ಯಾವುದು ಮೊದಲು ಎಂಬುದು ಮುಖ್ಯ.

ಆದರೆ ಪತ್ರ ಬರೆಯುತ್ತ ಕೂತು ವೇಳೆ ಕಳೆಯಬಾರದು. ಸಿವಿಲ್ ದಾವೆಗೆ ಇರುವ ಗಡುವು ಅಚ್ಚಾದ ದಿನದಿಂದ ಒಂದು ವರ್ಷ ಮಾತ್ರ. ಪತ್ರಿಕೆ ತಪ್ಪು ಒಪ್ಪದೆ ಹಟ ಹಿಡಿದರೆ, ಪುರಾವೆ ಗಟ್ಟಿ ಇದ್ದರೆ, ವರ್ಷಗಟ್ಟಲೆ ತಾರೀಖು ತಾಳುವ ಶಕ್ತಿ ಇದ್ದರೆ ಕೋರ್ಟಿನ ಬಾಗಿಲು ತಟ್ಟುವುದರಲ್ಲಿ ತಪ್ಪೇನಿಲ್ಲ.

ಎಲ್ಲ ಕೇಳಿದ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹತ್ತು ಲಕ್ಷದ ಮಾತು ಆಮ್ಯಾಲ ನೋಡೂಣು. ಗಂಡಿನವರಿಗೆ ತೋರಸಾಕ ನಾಲ್ಕು ಸಾಲು ಖುಲಾಸೆ ಸಿಕ್ರ ಸಾಕು" ಎಂದರು. ಅಲ್ಲಿಯೇ ಕೂತು ಮರಾಠಿಯಲ್ಲಿ ಪತ್ರ ಬರೆದುಕೊಟ್ಟೆ. ಒಂದು ವರ್ಷ ತುಂಬುವ ತಾರೀಖನ್ನು ಕಾಕಾ ತಮ್ಮ ಅಂಗಡಿಯ ಉದ್ರಿ ವಹಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿದ್ದಾರೆ.