ಕರುಳಿಗೆ ರಕ್ತದ ಬರ

ಹೊಟ್ಟೆನೋವು ಎಲ್ಲ ಮನೆಗಳಿಗೂ ಪರಿಚಿತವಾದ ಅತಿಥಿ. ಓಮದ ಕಷಾಯ, ಜೀರಿಗೆಯ ನೀರು, ಅದಕ್ಕೂ ಜಗ್ಗದಿದ್ದರೆ ಔಷಧದ ಅಂಗಡಿಯ ಒಂದು ಮಾತ್ರೆ. ಬಹುಪಾಲು ನೋವುಗಳು ಇಷ್ಟಕ್ಕೇ ಬೀಳ್ಕೊಳ್ಳುತ್ತವೆ. ಒಂದು ನೋವು ಮಾತ್ರ ಮಣಿಯುವುದಿಲ್ಲ. ಕೆಲವೊಮ್ಮೆ ಮಣಿದಂತೆ ನಟಿಸಿ ಪ್ರಾಣವನ್ನೇ ಕೊಂಡೊಯ್ಯುತ್ತದೆ. ಅದು ಕರುಳಿಗೆ ರಕ್ತ ತಲಪದೆ ಹುಟ್ಟುವ ನೋವು.

ಹೃದಯದಿಂದ ಇಳಿದುಬರುವ ಮಹಾಪಧಮನಿಯಿಂದ ಮೂರು ನಾಳಗಳು ಕವಲೊಡೆದು ಜೀರ್ಣಾಂಗಗಳಿಗೆ ರಕ್ತವನ್ನು ಒದಗಿಸುತ್ತವೆ. ನಡುವಿನ ನಾಳವೇ ಸಣ್ಣ ಕರುಳಿನ ಬಹುಭಾಗಕ್ಕೆ ಆಧಾರ. ಕೃಷ್ಣರಾಜನಗರದ ಭತ್ತದ ಬಯಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲೆಯ ತೂಬು ಮುಚ್ಚಿದರೆ ಪೈರು ಕೆಲವು ದಿನ ತಾಳೀತು. ಕರುಳು ತಾಳುವುದು ಕೆಲವೇ ಗಂಟೆ.

ತೂಬು ಮುಚ್ಚುವುದು ಹೇಗೆ? ಹೃದಯದ ಬಡಿತ ತಾಳ ತಪ್ಪಿದವರಲ್ಲಿ, ಹೃದಯದೊಳಗೇ ಹೆಪ್ಪುಗಟ್ಟಿದ ರಕ್ತದ ಗೆಡ್ಡೆಯೊಂದು ಹರಿದುಬಂದು ನಾಳದಲ್ಲಿ ಸಿಕ್ಕಿಕೊಳ್ಳಬಹುದು. ಇಲ್ಲವೇ ವಯಸ್ಸು, ಮಧುಮೇಹ, ಧೂಮಪಾನಗಳಿಂದ ನಾಳದ ಒಳಗೋಡೆ ದಪ್ಪವಾಗುತ್ತ ಬಂದು ಒಂದು ದಿನ ಪೂರ್ತಿ ಕಟ್ಟಿಕೊಳ್ಳಬಹುದು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕೆಂಪು ನೆಲದಲ್ಲಿ ವರ್ಜೀನಿಯಾ ಹೊಗೆಸೊಪ್ಪು ಹುಲುಸಾಗಿ ಬೆಳೆಯುತ್ತದೆ; ಬ್ಯಾರನ್‌ಗಳ ಬೆಂಕಿ ಹಗಲಿರುಳೂ ಉರಿಯುತ್ತದೆ. ಬೆಳೆದವನಿಗೆ ಅನ್ನ ಕೊಡುವ ಎಲೆಯೇ ಸೇದಿದವನ ರಕ್ತನಾಳವನ್ನು ಕಿರಿದಾಗಿಸುವುದು ವಿಧಿಯ ವ್ಯಂಗ್ಯವೆನ್ನಬೇಕು. ಹೀಗೆ ಮೆಲ್ಲಮೆಲ್ಲನೆ ಕಿರಿದಾದಾಗ ಊಟವಾದ ಅರ್ಧ ಗಂಟೆಗೆಲ್ಲ ಹೊಟ್ಟೆ ಹಿಂಡತೊಡಗುತ್ತದೆ. ರೋಗಿ ಊಟಕ್ಕೇ ಅಂಜಿ ಸೊರಗುತ್ತಾನೆ. ಮನೆಯವರು ಅದನ್ನು ಅರುಚಿಯೆಂದು ತಿಳಿಯುತ್ತಾರೆ.

ಹಠಾತ್ತನೆ ಬಂದ ನೋವಿಗೆ ಒಂದು ವಿಚಿತ್ರ ಲಕ್ಷಣವುಂಟು. ರೋಗಿ ಹೊರಳಾಡುತ್ತಾನೆ, ಆದರೆ ವೈದ್ಯರು ಒತ್ತಿ ನೋಡಿದರೆ ಹೊಟ್ಟೆ ಮೆತ್ತಗೇ ಇರುತ್ತದೆ. ವಾಂತಿ, ಭೇದಿಗಳೂ ಜೊತೆಗೂಡುವುದರಿಂದ ಅಜೀರ್ಣವೆಂದೇ ಭ್ರಮೆ. ಕೆಲವು ಗಂಟೆಗಳ ಮೇಲೆ ನೋವು ಕೊಂಚ ಇಳಿಯುವುದೂ ಉಂಟು. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಆ ವೇಳೆಗೆ ಕರುಳು ಸಾಯತೊಡಗಿರಬಹುದು.

ಮೊದಮೊದಲು ಸಾಧಾರಣ ಕ್ಷ-ಕಿರಣ ಚಿತ್ರದಲ್ಲಿ ಏನೂ ಕಾಣದಿರಬಹುದು. ಅಲ್ಟ್ರಾಸೌಂಡಿಗೆ ಕರುಳಿನ ವಾಯು ಅಡ್ಡ ಬರುತ್ತದೆ. ಇಲ್ಲಿ ನೆರವಾಗುವುದು ಸಿ.ಟಿ. ಯಂತ್ರ. ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಈ ಯಂತ್ರ 1971ರಲ್ಲಿ ಮೊದಲ ರೋಗಿಯ ಮೆದುಳನ್ನು ಚಿತ್ರಿಸಿತು. 1979ರ ನೊಬೆಲ್ ಪಾರಿತೋಷಕದಲ್ಲಿ ಅವರೂ ಅಲನ್ ಕಾರ್ಮಾಕರೂ ಪಾಲುಗಾರರು. ತೋಳಿನ ಸಿರೆಗೆ ಅಯೊಡೀನ್ ಬೆರೆತ ದ್ರವವನ್ನು ಹಾಯಿಸಿ, ಅದು ಅಪಧಮನಿಗಳಲ್ಲಿ ಹರಿಯುವಾಗ ಒಮ್ಮೆ, ಸಿರೆಗಳಿಗೆ ಬಂದಾಗ ಇನ್ನೊಮ್ಮೆ ಚಿತ್ರ ತೆಗೆಯುತ್ತಾರೆ. ರಕ್ತ ಹರಿಯುವ ನಾಳ ಬೆಳ್ಳಗೆ ಹೊಳೆಯುತ್ತದೆ. ಕಟ್ಟಿಕೊಂಡ ಕಡೆ ಆ ಬಿಳುಪು ಥಟ್ಟನೆ ನಿಂತುಹೋಗುತ್ತದೆ. ರಕ್ತ ಸಿಗದ ಕರುಳಿನ ಗೋಡೆ ಮಂಕಾಗಿರುತ್ತದೆ. ಗೋಡೆಯೊಳಗೆ ವಾಯುವಿನ ಗುಳ್ಳೆಗಳು ಕಂಡರೆ ಕಾಲ ಮೀರುತ್ತಿದೆಯೆಂದು ಶಂಕಿಸಬೇಕು. ದ್ರವವಿಲ್ಲದೆ ತೆಗೆದ ಚಿತ್ರದಲ್ಲಿ ಇವುಗಳಲ್ಲಿ ಮುಖ್ಯವಾದದ್ದೇ ತಪ್ಪಿಹೋದೀತು.

ಈ ದ್ರವದಿಂದ ಮೂತ್ರಪಿಂಡ ಕೆಡುತ್ತದೆಂದು ಹೆದರಿ ಒಪ್ಪಿಗೆ ಕೊಡದ ಬಂಧುಗಳಿದ್ದಾರೆ. ಹಳೆಯ ಮೂತ್ರಪಿಂಡದ ಕಾಯಿಲೆಯನ್ನೂ ಹಿಂದಿನ ಅಲರ್ಜಿಯನ್ನೂ ವೈದ್ಯರಿಗೆ ತಿಳಿಸಲೇಬೇಕು. ಆದರೆ ಈ ರೋಗದ ಬಲವಾದ ಅನುಮಾನವಿದ್ದಾಗ ರಕ್ತಪರೀಕ್ಷೆಯ ವರದಿಗೆ ಕಾದು ಚಿತ್ರವನ್ನು ತಡಮಾಡಬಾರದೆಂಬುದೇ ತಜ್ಞರ ಸಲಹೆ. ರೋಗ ಬೇಗ ತಿಳಿದರೆ ಗೆಡ್ಡೆಯನ್ನು ತೆಗೆದು ರಕ್ತದ ದಾರಿ ಬಿಡಿಸಬಹುದು. ತಡವಾದರೆ ಸತ್ತ ಕರುಳನ್ನು ಕತ್ತರಿಸಿ ತೆಗೆಯುವುದೇ ಉಳಿದ ದಾರಿ. ಚಿಕಿತ್ಸೆ ಸಿಕ್ಕಿಯೂ ಅರ್ಧದಷ್ಟು ರೋಗಿಗಳು ಬದುಕದಿರುವ ಕಾಯಿಲೆಯಿದು.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನೆಲೆಸಿ, ವೃದ್ಧ ತಂದೆತಾಯಿಗಳನ್ನು ಊರಿನಲ್ಲಿ ಬಿಟ್ಟಿರುವ ಸಂಸಾರಗಳಿಗೆ ಈ ಗಂಟೆಗಳ ಲೆಕ್ಕ ಮುಖ್ಯ. ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಯಿಂದ ಮೈಸೂರು ಸೇರುವುದರಲ್ಲೇ ಕೆಲವು ಗಂಟೆ ಕಳೆದಾವು. “ಅಪ್ಪನಿಗೆ ಸ್ವಲ್ಪ ಗ್ಯಾಸು, ಬೆಳಿಗ್ಗೆ ನೋಡೋಣ” ಎಂದು ರಾತ್ರಿ ಹತ್ತಕ್ಕೆ ದೂರವಾಣಿಯಲ್ಲಿ ಕೇಳಿದ ಮಗ ಮೂರು ಪ್ರಶ್ನೆ ಹಾಕುವುದು ಲೇಸು: ನೋವು ಹಠಾತ್ತನೆ ಬಂತೆ? ನಾಡಿ ತಾಳ ತಪ್ಪಿದೆಯೆ? ರಕ್ತ ತೆಳುವಾಗಿಸುವ ಮಾತ್ರೆಯನ್ನು ನಿಲ್ಲಿಸಿದ್ದಾರೆಯೆ? ತಡೆಯಲಾರದ ನೋವು ಹಠಾತ್ತನೆ ಬಂದಿದ್ದರೆ ಅದೊಂದೇ ಸಾಕು. ಉಳಿದೆರಡಕ್ಕೆ ಹೌದೆಂದರೆ ಅನುಮಾನ ಇನ್ನೂ ಬಲವಾಗುತ್ತದೆ. ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು, ಸಿ.ಟಿ. ಯಂತ್ರವೂ ಶಸ್ತ್ರವೈದ್ಯರೂ ಇರುವ ಆಸ್ಪತ್ರೆ ಯಾವುದೆಂದು ಆಗಲೇ ವಿಚಾರಿಸಬೇಕು. ಹಳೆಯ ಇ.ಸಿ.ಜಿ. ಮತ್ತು ಮಾತ್ರೆಗಳ ಚೀಟಿಯೂ ಜೊತೆಗಿರಲಿ. ಹೊಟ್ಟೆನೋವೆಂದು ಬಂದವರ ಹೃದಯದ ಸಂಗತಿಯನ್ನು ವೈದ್ಯರಿಗೆ ಮೊದಲು ತಿಳಿಸುವುದು ಅನೇಕ ವೇಳೆ ಆ ಚೀಟಿಯೇ.